ಕದ್ದ ದನಿಯೂ ಅಚೌರ್ಯಾಣುವ್ರತವೂ

ಶ್ರಾವಕನ ಐದು ಅಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವು ನನ್ನಂತಹ ವ್ಯಾಪಾರಿಗೆ ಎಲ್ಲಕ್ಕಿಂತ ಸುಲಭವಾದುದೆಂದು ನಾನು ಬಹುಕಾಲ ನಂಬಿದ್ದೆ. ಅಹಿಂಸೆಯಲ್ಲಿ ಎಡವುತ್ತೇವೆ, ಧಾನ್ಯದ ಮೂಟೆಯೊಳಗಿನ ಹುಳುವಿಗೂ ಉತ್ತರ ಹೇಳಬೇಕಾಗುತ್ತದೆ. ಸತ್ಯದಲ್ಲಿ ಎಡವುತ್ತೇವೆ, ಗಿರಾಕಿಯ ಮುಂದೆ ‘ಇದು ಅಸಲಿನ ದರ’ ಎಂಬ ಮಾತು ನಾಲಿಗೆಯ ತುದಿಗೆ ತಾನಾಗಿಯೇ ಬರುತ್ತದೆ. ಪರಿಗ್ರಹದ ವಿಚಾರವನ್ನಂತೂ ಎತ್ತದಿರುವುದೇ ಲೇಸು. ಆದರೆ ಕಳವು? ನನ್ನ ತಕ್ಕಡಿ ಸರಿಯಾಗಿತ್ತು, ಅಳತೆ ಸರಿಯಾಗಿತ್ತು, ಬಿ.ಕಾಂ. ಮುಗಿಸಿ ಊರಿಗೆ ಮರಳಿದಂದಿನಿಂದ ಜಮೆ-ಖರ್ಚಿನ ಪುಸ್ತಕವನ್ನು ನಾನೇ ಬರೆಯುತ್ತ ಬಂದಿದ್ದೆ. ಪರರ ಕಾಸನ್ನು ಮುಟ್ಟಿದವನಲ್ಲ. ಆದುದರಿಂದ ಪ್ರತಿಕ್ರಮಣದ ಹೊತ್ತಿನಲ್ಲಿ ಈ ವ್ರತದ ಅತಿಚಾರಗಳನ್ನು ನೆನೆಯುವಾಗ ನನ್ನ ಮನಸ್ಸು ಎಲ್ಲಿಯೂ ತಡೆಯದೆ ಮುಂದಕ್ಕೆ ಸಾಗುತ್ತಿತ್ತು.

ಕಳೆದ ಜಾತ್ರೆಯಲ್ಲಿ ಅದು ತಡೆಯಿತು. ತಡೆದದ್ದು ಗ್ರಂಥವಲ್ಲ, ಮುನಿಗಳ ಪ್ರವಚನವೂ ಅಲ್ಲ. ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ರಾಕ್ ಸಂಗೀತದ ಕಛೇರಿಯೊಂದನ್ನು ಯಾರನ್ನೂ ಕೇಳದೆ ಹಿಡಿದಿಟ್ಟುಕೊಂಡ ಒಂದು ಧ್ವನಿಮುದ್ರಿಕೆ. ಧರ್ಮವಿಚಾರದ ಪತ್ರಿಕೆಯಲ್ಲಿ ಇದೇನು ವಿಷಯವೆಂದು ಓದುಗರು ಹುಬ್ಬೇರಿಸಬಹುದು. ಕೊನೆಯವರೆಗೆ ಓದಿ ಅನಂತರ ತೀರ್ಪು ನೀಡಬೇಕೆಂದು ವಿನಂತಿಸುತ್ತೇನೆ.

ನಮ್ಮ ಅಂತರಘಟ್ಟೆಯನ್ನು ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯವರು ಬಲ್ಲರು. ದುರ್ಗಾಂಬೆಯ ಜಾತ್ರೆಗೆ ಸುತ್ತಣ ಹಳ್ಳಿಗಳ ರೈತರು ಎತ್ತುಗಳನ್ನು ಸಿಂಗರಿಸಿ, ಪಾನಕದ ಗಾಡಿಗಳನ್ನು ಕಟ್ಟಿಕೊಂಡು ಓಡಿಸುತ್ತ ಬರುತ್ತಾರೆ. ಆ ದಿನಗಳಲ್ಲಿ ಊರಿನ ಗಾಳಿಯೆಲ್ಲ ಧೂಳು ಮತ್ತು ಗೆಜ್ಜೆಯ ಸದ್ದು. ನನ್ನ ಅಂಗಡಿಯಲ್ಲಿ ಹಗ್ಗ, ಮೂಗುದಾರ, ಕೊರಳಗಂಟೆ, ಬೆಲ್ಲ, ಏಲಕ್ಕಿ ಮುಂತಾದವು ವರ್ಷದ ಬೇರಾವ ದಿನಗಳಿಗಿಂತಲೂ ಹೆಚ್ಚಾಗಿ ಮಾರಾಟವಾಗುವುದು ಆಗಲೇ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಕಿರಿಯ ಮಗ ಪ್ರತಿ ವರ್ಷವೂ ಎರಡು ದಿನ ರಜೆ ಹಾಕಿ ಬಂದು ಗಲ್ಲಾಪೆಟ್ಟಿಗೆಯ ಬಳಿ ಕೂರುತ್ತಾನೆ.

ಈ ಸಲ ಮಧ್ಯಾಹ್ನದ ಬಿಡುವಿನಲ್ಲಿ ಅವನು ಒಳಗಿನ ಗೋದಾಮಿನಲ್ಲಿ ಮೂಟೆಗೊರಗಿ ಕುಳಿತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಏನನ್ನೋ ಕೇಳುತ್ತಿದ್ದ. ಏನೆಂದು ವಿಚಾರಿಸಿದೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನಲ್ಲಿ ಅಮೆರಿಕದ ‘ಮೆಟಾಲಿಕಾ’ ತಂಡ ಹಾಡಿದ ಕಛೇರಿಯೆಂದೂ, ಆಗ ಕಾಲೇಜಿನಲ್ಲಿದ್ದ ತಾನು ಅಲ್ಲಿಗೆ ಹೋಗಿದ್ದೆನೆಂದೂ ಹೇಳಿದ. ಅದಕ್ಕೆ ಎರಡು ದಿನ ಹಿಂದೆ ದೆಹಲಿಯ ಬಳಿಯ ಗುರುಗ್ರಾಮದಲ್ಲಿ ನಡೆಯಬೇಕಾಗಿದ್ದ ಅವರ ಕಛೇರಿ ರದ್ದಾಗಿ, ಸಿಟ್ಟಿಗೆದ್ದ ಜನ ವೇದಿಕೆಯನ್ನು ಹಾಳುಗೆಡವಿದ್ದರು. ಹೀಗಾಗಿ ಈ ದೇಶದಲ್ಲಿ ಆ ತಂಡ ಮೊದಲು ಹಾಡಿದ್ದು ನಮ್ಮ ಬೆಂಗಳೂರಿನಲ್ಲಿಯೇ. ‘ಇದನ್ನು ಎಲ್ಲಿ ಕೊಂಡೆ?’ ಎಂದು ಕೇಳಿದೆ. ‘ಕೊಂಡದ್ದಲ್ಲ ಅಪ್ಪ, ಗೆಳೆಯನೊಬ್ಬ ಜೇಬಿನಲ್ಲಿ ಸಣ್ಣ ಯಂತ್ರ ಇಟ್ಟುಕೊಂಡು ನಿಂತಲ್ಲಿಯೇ ಹಿಡಿದದ್ದು’ ಎಂದ.

ನನ್ನೊಳಗಿನ ಶಾಸ್ತ್ರಾಭ್ಯಾಸಿ ಕೂಡಲೇ ಎಚ್ಚೆತ್ತ. ‘ಹಾಡಿದವರನ್ನು ಕೇಳಿದಿರೇನು? ಅವರು ಕೊಡದೆ ನೀವು ತೆಗೆದುಕೊಂಡಿರಿ. ಇದು ಅದತ್ತಾದಾನ. ನೀನು ಮಾಡಿದವನಲ್ಲ, ಸರಿ. ಆದರೆ ಕಳವಿನ ಮಾಲನ್ನು ಇಟ್ಟುಕೊಂಡಿದ್ದೀಯೆ. ಅದಕ್ಕೆ ತದಾಹೃತಾದಾನವೆಂದು ಹೆಸರು’ ಎಂದೆ. ಅವನು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ‘ಅಪ್ಪ, ಮೊದಲು ಕೇಳಿ. ಆಮೇಲೆ ಹೆಸರಿಡಿ’ ಎಂದು ನನ್ನ ಕಿವಿಗೆ ಆ ಇಯರ್‌ಫೋನ್ ಇಟ್ಟ.

ನಾನು ಕೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ. ಮೊದಲಿಗೆ ಸಂಗೀತವೇ ಇಲ್ಲ, ಜನಸಮೂಹದ ಸದ್ದು. ಕೆರೆಯ ಕೋಡಿ ಬಿದ್ದಾಗ ದೂರದಿಂದ ಕೇಳುವ ಮೊರೆತದ ಹಾಗೆ. ಆಮೇಲೆ ಇಟಲಿಯ ಚಲನಚಿತ್ರ ಸಂಗೀತಗಾರ ಎನಿಯೊ ಮೊರಿಕೋನೆ ಎಂಬವರ ಹಳೆಯ ರಾಗವೊಂದು. ಕಛೇರಿಗೆ ಮುನ್ನ ಅದನ್ನು ನುಡಿಸುವುದು ಆ ತಂಡದ ವಾಡಿಕೆಯಂತೆ. ಮಾತಿಲ್ಲದ ಆ ರಾಗವನ್ನು ಜನರು ತಾವೇ ಎತ್ತಿಕೊಂಡು ಹಾಡುತ್ತಿದ್ದರು. ಅನಂತರ ಗಿಟಾರು, ನಗಾರಿ, ಅಬ್ಬರ. ಒಂದು ಪದವೂ ನನಗೆ ತಿಳಿಯಲಿಲ್ಲ. ದನಿಗಳು ಒಂದರ ಮೇಲೊಂದು ಬಿದ್ದು ಒಡೆದು ಹೋಗಿದ್ದವು. ವೇದಿಕೆಯ ಸಂಗೀತಕ್ಕಿಂತ ಯಂತ್ರದ ಪಕ್ಕದಲ್ಲಿದ್ದವರ ಚಪ್ಪಾಳೆಯೇ ದೊಡ್ಡದು. ತೆಗೆದಿಡಬೇಕೆಂದುಕೊಂಡೆ. ಅಷ್ಟರಲ್ಲಿ ಒಂದು ಹಾಡು ಮುಗಿದು ಇನ್ನೊಂದು ಮೊದಲಾಗುವ ಅಂತರದಲ್ಲಿ ಅಚ್ಚ ಕನ್ನಡದಲ್ಲಿ ಒಬ್ಬ ಹುಡುಗ ‘ಲೋ, ನೀರು ಇದ್ರೆ ಕೊಡೋ’ ಎಂದ. ಅದಕ್ಕೆ ಇನ್ನೊಬ್ಬ ಉತ್ತರಿಸಿದ. ಆ ಉತ್ತರದ ದನಿ ನನ್ನ ಮಗನದು! ಇಪ್ಪತ್ತೊಂದು ವರ್ಷದ ನನ್ನ ಮಗನದು. ದಣಿದು ಬಾಯಾರಿ, ಆದರೂ ಸಂತೋಷದಿಂದ ತುಂಬಿ ತುಳುಕುತ್ತಿದ್ದ ದನಿ. ಆ ವಯಸ್ಸಿನಲ್ಲಿ ಮನೆಯೊಳಗೆ ಅವನು ಅಂತಹ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹೊರಗೆ ಜಾತ್ರೆಯ ಗೆಜ್ಜೆ, ಒಳಗೆ ಆ ಮೈದಾನದ ಮೊರೆತ. ನಾನು ಪೂರ್ತಿ ಒಂದು ಗಂಟೆ ಕುಳಿತು ಕೇಳಿದೆ.

ಆ ರಾತ್ರಿ ತಂದೆ-ಮಕ್ಕಳ ನಡುವೆ ಚರ್ಚೆಯಾಯಿತು. ಇಂತಹ ಮುದ್ರಿಕೆಗಳಿಗೆ ಆ ಲೋಕದಲ್ಲಿ ‘ಬೂಟ್‌ಲೆಗ್’ ಎಂದು ಹೆಸರು. ಹಿಂದೆ ಕಳ್ಳಸಾರಾಯಿಯ ಸೀಸೆಯನ್ನು ಎತ್ತರದ ಬೂಟಿನ ಕಾಲೊಳಗೆ ಅಡಗಿಸಿ ಒಯ್ಯುತ್ತಿದ್ದರಂತೆ. ಆ ಮಾತು ಇದಕ್ಕೂ ಅಂಟಿಕೊಂಡಿತು. ಇದರ ಚರಿತ್ರೆ ನಾನೆಣಿಸಿದುದಕ್ಕಿಂತ ಹಳೆಯದು. 1901ರಿಂದ 1903ರವರೆಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ನಾಟ್ಯಗೃಹದ ಗ್ರಂಥಪಾಲಕ ಲಯನೆಲ್ ಮ್ಯಾಪಲ್‌ಸನ್ ಎಂಬಾತ ಪ್ರದರ್ಶನಗಳು ನಡೆಯುತ್ತಿರುವಾಗಲೇ ಎಡಿಸನ್ ಯಂತ್ರವನ್ನಿಟ್ಟು ಮೇಣದ ಸಿಲಿಂಡರುಗಳಲ್ಲಿ ಗಾಯನವನ್ನು ಹಿಡಿದ. ಜೀನ್ ದ ರೆಸ್ಕೆ ಎಂಬ ಪ್ರಸಿದ್ಧ ಗಾಯಕನ ದನಿ ಇಂದಿಗೆ ಉಳಿದಿರುವುದು ಆ ಗೀಚುಗೀಚಾದ ಸಿಲಿಂಡರುಗಳಲ್ಲಿಯೇ. 1969ರಲ್ಲಿ ಅಮೆರಿಕದಲ್ಲಿ ಬಾಬ್ ಡಿಲನ್ ಅವರ ಬಿಡುಗಡೆಯಾಗದ ಹಾಡುಗಳನ್ನು ಯಾರೋ ಬರಿಯ ಬಿಳಿ ಹೊದಿಕೆಯಲ್ಲಿಟ್ಟು ಮಾರಿದರು. ಹೊದಿಕೆಯ ಮೇಲೆ ಹಾಡಿದವನ ಹೆಸರೂ ಇಲ್ಲ, ಮಾರಿದವನ ಹೆಸರೂ ಇಲ್ಲ. ಅದೇ ವರ್ಷ ರೋಲಿಂಗ್ ಸ್ಟೋನ್ಸ್ ತಂಡದ ಕಛೇರಿಯೊಂದನ್ನು ಶ್ರೋತೃಗಳ ನಡುವಿನಿಂದ ಮುದ್ರಿಸಿ ಮಾರಿದರು.

ಇನ್ನೊಂದು ಬಗೆಯೂ ಉಂಟೆಂದು ಮಗ ಹೇಳಿದ. ‘ಗ್ರೇಟ್‌ಫುಲ್ ಡೆಡ್’ ಎಂಬ ತಂಡ 1984ರಲ್ಲಿ ತನ್ನ ಕಛೇರಿಗಳಲ್ಲಿ ಧ್ವನಿಮುದ್ರಿಸಿಕೊಳ್ಳುವವರಿಗಾಗಿಯೇ ಪ್ರತ್ಯೇಕ ಜಾಗವನ್ನು ಬಿಟ್ಟುಕೊಟ್ಟಿತು. ಮುದ್ರಿಸಿಕೊಳ್ಳಿ, ಪರಸ್ಪರ ಹಂಚಿಕೊಳ್ಳಿ, ಹಣಕ್ಕೆ ಮಾತ್ರ ಮಾರಬೇಡಿ ಎಂಬುದು ಅವರ ನಿಯಮ. ಮೆಟಾಲಿಕಾ ತಂಡದ ಕಥೆ ಇನ್ನೂ ವಿಚಿತ್ರವಾದುದು. 1982ರಲ್ಲಿ ಅವರಿನ್ನೂ ಅನಾಮಧೇಯರಾಗಿದ್ದಾಗ, ಅವರ ಪ್ರಾರಂಭದ ಹಾಡುಗಳ ಕ್ಯಾಸೆಟ್ಟನ್ನು ರಸಿಕರು ನಕಲು ಮಾಡಿ ಕೈಯಿಂದ ಕೈಗೆ ದಾಟಿಸಿದ್ದರಿಂದಲೇ ಅವರ ಹೆಸರು ಹಬ್ಬಿತು. ಮುಂದೆ ಶ್ರೋತೃಗಳು ಮುದ್ರಿಸಿಕೊಳ್ಳುವುದನ್ನು ತಮ್ಮ ಅನೇಕ ಕಛೇರಿಗಳಲ್ಲಿ ಅವರು ಒಪ್ಪಿಕೊಂಡರು. ಅದೇ ತಂಡ 2000ದ ಏಪ್ರಿಲ್‌ನಲ್ಲಿ ನ್ಯಾಪ್‌ಸ್ಟರ್ ಎಂಬ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿತು. ತಾವಿನ್ನೂ ಪೂರ್ಣಗೊಳಿಸದ ಹಾಡೊಂದು ತಮ್ಮ ಕೈಮೀರಿ ಹರಿದಾಡಿದ್ದೇ ಅದಕ್ಕೆ ಕಾರಣ. ತಮ್ಮ ಹಾಡುಗಳನ್ನು ಹೀಗೆ ಹಂಚಿಕೊಂಡ ಮೂರು ಲಕ್ಷಕ್ಕೂ ಹೆಚ್ಚು ಮಂದಿಯ ಪಟ್ಟಿಯನ್ನೇ ಅವರು ಒಪ್ಪಿಸಿದರು. ‘ನೋಡಿ ಅಪ್ಪ, ಅದೇ ಜನ, ಅದೇ ನಕಲು. ಒಂದನ್ನು ಒಪ್ಪಿದರು, ಇನ್ನೊಂದನ್ನು ಕಳವೆಂದರು’ ಎಂದ ಮಗ.

ನನಗೆ ಇದು ವಿಚಿತ್ರವೆಂದು ತೋರಲಿಲ್ಲ. ಕಳವು ಎಂಬುದು ವಸ್ತುವಿನಲ್ಲಿಲ್ಲ, ಕೊಡುವವನ ಮನಸ್ಸಿನಲ್ಲಿದೆ. ಅಂಗಡಿಯ ಬಾಗಿಲಲ್ಲಿ ಮಗುವಿಗೆ ನಾನು ಕೊಟ್ಟ ಬೆಲ್ಲದ ಚೂರೂ, ನಾನು ಬೆನ್ನು ತಿರುಗಿಸಿದಾಗ ಅದು ಎತ್ತಿಕೊಂಡ ಚೂರೂ ಒಂದೇ ಅಚ್ಚಿನದು. ‘ದತ್ತ’, ‘ಅದತ್ತ’ ಎಂಬ ಒಂದಕ್ಷರದ ಅಂತರದಲ್ಲಿ ವ್ರತವೆಲ್ಲ ನಿಂತಿದೆ.

ಮಗ ಕಾನೂನನ್ನೂ ಮುಂದಿಟ್ಟ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ, ತನ್ನ ಸ್ವಂತ ಉಪಯೋಗಕ್ಕಾಗಿ ಒಬ್ಬನು ಪ್ರದರ್ಶನವೊಂದನ್ನು ಮುದ್ರಿಸಿಕೊಂಡರೆ ಅದು ಪ್ರದರ್ಶಕನ ಹಕ್ಕಿನ ಉಲ್ಲಂಘನೆಯಲ್ಲವೆಂದು 39ನೆಯ ಕಲಮು ಹೇಳುತ್ತದೆ. ಸ್ವಂತಕ್ಕೆಂದು ಹಿಡಿದುದನ್ನು ಮಾರಿದರೆ ಮಾತ್ರ ಆ ರಕ್ಷಣೆ ಇಲ್ಲ. ನಾನು ಉತ್ತರಕ್ಕಾಗಿ ಮಲಗುವ ಮುನ್ನ ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ಯನ್ನು ತೆರೆದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸ್ತೇಯದ ಲಕ್ಷಣ ಬರುವಲ್ಲಿ ಆ ಮಹಾನುಭಾವರು ಒಂದು ಸೊಗಸಾದ ಶಂಕೆಯನ್ನು ತಾವೇ ಎತ್ತಿ ತಾವೇ ಪರಿಹರಿಸುತ್ತಾರೆ. ಊರೂರು ಸಂಚರಿಸುವ ಮುನಿಯು ಬೀದಿಗಳನ್ನೂ ಊರಬಾಗಿಲುಗಳನ್ನೂ ಹೊಕ್ಕು ನಡೆಯುತ್ತಾನಲ್ಲ, ಅವನ್ನು ಅವನಿಗೆ ಯಾರೂ ಕೊಟ್ಟಿಲ್ಲ, ಹಾಗಾದರೆ ಅವನು ಕಳ್ಳನಾಗನೆ? ಆಗನು, ಏಕೆಂದರೆ ಅವು ಎಲ್ಲರಿಗೂ ತೆರೆದಿಟ್ಟವು. ಮುಚ್ಚಿದ ಬಾಗಿಲನ್ನು ಮಾತ್ರ ಆ ಮುನಿ ಹೊಗುವುದಿಲ್ಲ. ಇದಲ್ಲದೆ ಪ್ರಮಾದದ ಯೋಗವಿದ್ದಲ್ಲಿಯೇ, ಎಂದರೆ ಕಷಾಯಕ್ಕೆ ವಶವಾದ ಮನಸ್ಸಿನಿಂದ ತೆಗೆದುಕೊಂಡಾಗಲೇ ಅದು ಸ್ತೇಯ.

ಈ ವಿವೇಚನೆಯನ್ನು ದನಿಗೆ ಹೊಂದಿಸಿ ನೋಡಿದೆ. ಗಾಳಿಯಲ್ಲಿ ತೇಲಿ ಬಂದು ಕಿವಿಗೆ ಬಿದ್ದ ದನಿ ತೆರೆದ ಬೀದಿಯಿದ್ದಂತೆ. ಅದನ್ನು ಕೇಳಿದವನು ಕಳ್ಳನಲ್ಲ. ಅದನ್ನು ನೆನಪಿನಲ್ಲಿ ಇಟ್ಟುಕೊಂಡವನೂ ಕಳ್ಳನಲ್ಲ. ಯಂತ್ರದಲ್ಲಿ ಇಟ್ಟುಕೊಂಡವನು ಬಾಗಿಲ ಹೊಸ್ತಿಲಲ್ಲಿದ್ದಾನೆ. ಅಲ್ಲಿಂದ ಅವನು ಯಾವ ಕಡೆಗೆ ಕಾಲಿಡುತ್ತಾನೆಂಬುದನ್ನು ಅವನ ಲೋಭ ನಿರ್ಧರಿಸುತ್ತದೆ. ಅದಕ್ಕೆ ಬೆಲೆ ಕಟ್ಟಿದವನು ಮಾತ್ರ ನಿಸ್ಸಂದೇಹವಾಗಿ ಮುಚ್ಚಿದ ಬಾಗಿಲನ್ನು ತಳ್ಳಿ ಒಳಹೊಕ್ಕವನು. ಇಷ್ಟು ನಿರ್ಣಯಿಸಿ, ಮಗನ ದೋಷ ಅಲ್ಪವೆಂದು ಸಮಾಧಾನಪಟ್ಟು ಪುಸ್ತಕ ಮುಚ್ಚಬೇಕೆನ್ನುವಾಗ, ಬೆಲೆ ಕಟ್ಟಿದವನು ಯಾರೆಂಬುದು ನನಗೆ ಥಟ್ಟನೆ ನೆನಪಾಯಿತು. ಆಮೇಲೆ ನಿದ್ದೆ ಬರಲಿಲ್ಲ.

1987ರ ಮಾತು. ಟೇಪ್‌ರೆಕಾರ್ಡರ್ ಹಳ್ಳಿಹಳ್ಳಿಗೂ ಬಂದಿದ್ದ ಕಾಲ. ಜಾತ್ರೆಯಲ್ಲಿ ಕ್ಯಾಸೆಟ್ಟಿಗೆ ಬಹಳ ಗಿರಾಕಿ. ನಾನು ಎರಡು ಕ್ಯಾಸೆಟ್ಟುಗಳನ್ನು ಒಟ್ಟಿಗೆ ಹಾಕಬಹುದಾದ ಯಂತ್ರವೊಂದನ್ನು ತಂದಿದ್ದೆ; ಒಂದರಿಂದ ಇನ್ನೊಂದಕ್ಕೆ ನಕಲಾಗುತ್ತಿತ್ತು. ಆ ವರ್ಷ ಜಾತ್ರೆಗೆ ಮುಂಚೆ ತಂಬೂರಿ ಹಿಡಿದು ತತ್ವಪದ ಹಾಡುವ ವೃದ್ಧರೊಬ್ಬರು ನಮ್ಮ ಅಂಗಡಿಯ ಜಗಲಿಯ ಮೇಲೆ ರಾತ್ರಿ ಉಳಿದಿದ್ದರು. ಊಟವಾದ ಮೇಲೆ ತಮ್ಮಷ್ಟಕ್ಕೆ ತಾವು ಹಾಡತೊಡಗಿದರು. ದನಿ ಮಾಗಿದ ದನಿ. ಮೇಲಕ್ಕೇರುವಾಗ ಒಂದಿಷ್ಟು ಒಡೆಯುತ್ತಿತ್ತು, ಆ ಒಡಕಿನಲ್ಲಿಯೇ ಸೊಗಸಿತ್ತು. ನಾನು ಕಿಟಕಿಯ ಬಳಿ ಯಂತ್ರವಿಟ್ಟು ಗುಂಡಿಯೊತ್ತಿದೆ. ಅವರಿಗೆ ಹೇಳಲಿಲ್ಲ. ಹೇಳಿದರೆ ಹಾಡು ನಿಲ್ಲಿಸಿಯಾರೆಂದು ಹೇಳಲಿಲ್ಲವೆಂದು ಆಗ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಹೇಳಿದರೆ ಹಣ ಕೇಳಿಯಾರೆಂಬ ಲೆಕ್ಕವೂ ಒಳಗಿತ್ತು.

ಆ ಜಾತ್ರೆಯಲ್ಲಿ 120 ಪ್ರತಿಗಳು ಮಾರಾಟವಾದವು. ಖಾಲಿ ಕ್ಯಾಸೆಟ್ಟಿಗೆ 11 ರೂಪಾಯಿ ಬಿದ್ದಿತ್ತು, ಮಾರಿದ್ದು 18ಕ್ಕೆ. ಹೊದಿಕೆಯ ಮೇಲೆ ‘ತತ್ವಪದಗಳು’ ಎಂದಷ್ಟೇ ಬರೆಸಿದ್ದೆ. ಕೊನೆಯ ದಿನ ಸಂಜೆ ಅಂಗಡಿಯ ಮುಂದೆ ಕ್ಯಾಸೆಟ್ ಹಾಕಿ ಗಟ್ಟಿಯಾಗಿ ನುಡಿಸುತ್ತಿದ್ದಾಗ ಆ ವೃದ್ಧರು ಜನರ ನಡುವೆ ಬಂದು ನಿಂತರು. ಸ್ವಲ್ಪ ಹೊತ್ತು ತಲೆ ಬಾಗಿಸಿ ಕೇಳಿದರು. ಆಮೇಲೆ, ‘ಶೆಟ್ರೇ, ಇದು ನನ್ನ ದನಿ ಅಲ್ವಾ?’ ಎಂದರು. ನಾನು ‘ಹೌದು ಅಜ್ಜಾರೇ, ಜನ ಬಹಳ ಇಷ್ಟಪಟ್ಟರು’ ಎಂದೆ. ಅವರು ‘ಎಷ್ಟು?’ ಎಂದು ಕೇಳಿದರು. ಎಷ್ಟು ಮಾರಿದಿರಿ ಎಂದು ಕೇಳುತ್ತಿದ್ದಾರೆಂದು ನಾನು ಬೆದರಿದೆ. ಆದರೆ ಅವರು ಕೇಳಿದ್ದು ಕ್ಯಾಸೆಟ್ಟಿನ ಬೆಲೆಯನ್ನು. 18 ರೂಪಾಯಿ ಎಂದೆ. ಅವರು ಸೊಂಟದ ಚೀಲ ಬಿಚ್ಚಿ ನಾಣ್ಯಗಳನ್ನೂ ಮುದುಡಿದ ನೋಟುಗಳನ್ನೂ ಎಣಿಸಿ ಹಲಗೆಯ ಮೇಲಿಟ್ಟರು. ನಾನು ಅದನ್ನು ತೆಗೆದುಕೊಂಡೆ. ತಮ್ಮದೇ ದನಿಯನ್ನು ಹಣ ಕೊಟ್ಟು ಕೊಂಡು, ಕ್ಯಾಸೆಟ್ಟನ್ನು ಜೋಳಿಗೆಯಲ್ಲಿಟ್ಟುಕೊಂಡು ಅವರು ಹೋದರು. ಅವರ ಮನೆಯಲ್ಲಿ ಅದನ್ನು ನುಡಿಸುವ ಯಂತ್ರವೇ ಇರಲಿಲ್ಲವೆಂದು ನನಗೆ ತಿಳಿದದ್ದು ಈ ವರ್ಷ.

ಆ ಸಂಜೆ ಜಮೆಯ ಕಡೆ 18 ರೂಪಾಯಿ ಬರೆದ ಕೈ ನನ್ನದೇ. ಮೂವತ್ತೆಂಟು ವರ್ಷ ಅದು ನನಗೆ ಚುಚ್ಚಲಿಲ್ಲವೇಕೆಂದು ಯೋಚಿಸಿದರೆ, ಕಾನೂನು ನನ್ನ ಕಡೆಗಿತ್ತು ಎಂಬುದೂ ಒಂದು ಕಾರಣ. ಚಲನಚಿತ್ರ ಗೀತೆಗಳನ್ನು ನಕಲು ಮಾಡುವುದು ಅಪರಾಧವೆಂದು ಎಲ್ಲ ವ್ಯಾಪಾರಿಗಳಿಗೂ ಗೊತ್ತಿತ್ತು. 1984ರ ತಿದ್ದುಪಡಿಯಿಂದ ಶಿಕ್ಷೆಯೂ ಹೆಚ್ಚಿತ್ತು. ಆದರೆ ಜಗಲಿಯ ಮೇಲೆ ಕುಳಿತು ಹಾಡುವವನಿಗೆ ತನ್ನ ದನಿಯ ಮೇಲೆ ಹಕ್ಕುಂಟೆಂದು ನಮ್ಮ ಕಾಯಿದೆ ಆಗ ಹೇಳಿರಲಿಲ್ಲ. ಪ್ರದರ್ಶಕನ ಹಕ್ಕು ಎಂಬುದು ಕಾಯಿದೆಗೆ ಸೇರಿದ್ದು 1994ರ ತಿದ್ದುಪಡಿಯಲ್ಲಿ, ಅದು ಜಾರಿಗೆ ಬಂದದ್ದು 1995ರ ಮೇ ತಿಂಗಳಲ್ಲಿ. 1987ರಲ್ಲಿ ನನ್ನ ಮೇಲೆ ಆ ವೃದ್ಧರು ದೂರು ಕೊಟ್ಟಿದ್ದರೂ ಅವರ ದನಿಗೆ ಆಧಾರವಾಗುವ ಕಲಮು ಇರಲಿಲ್ಲ. ವ್ರತಕ್ಕೂ ಕಾನೂನಿಗೂ ಇರುವ ಭೇದ ನನಗೆ ಗ್ರಂಥದಲ್ಲಿ ಓದಿ ತಿಳಿದಿತ್ತು, ಈಗ ಮೈಗೆ ತಿಳಿಯಿತು. ಕಾನೂನು ಸಮಾಜಕ್ಕೆ ಅರಿವು ಬಂದಮೇಲೆ ಹುಟ್ಟುತ್ತದೆ. ವ್ರತವು ಅದಕ್ಕೆ ಮುಂಚೆಯೇ ನಮ್ಮನ್ನು ಕೇಳುತ್ತದೆ. ಸಮಂತಭದ್ರರು ಶ್ರಾವಕಾಚಾರದಲ್ಲಿ ದಾರಿಯಲ್ಲಿ ಬಿದ್ದುದನ್ನೂ ಯಾರೋ ಮರೆತುಹೋದುದನ್ನೂ ಕೂಡ ಮುಟ್ಟಬಾರದ ಪರದ್ರವ್ಯದಲ್ಲಿ ಸೇರಿಸಿದರು. ಹಾಡುವವನು ಗಾಳಿಗೆ ಬಿಟ್ಟ ದನಿ ಬಿದ್ದುದರ ಲೆಕ್ಕಕ್ಕೆ ಬರುವುದೇ ಹೊರತು ಬಿಟ್ಟುಕೊಟ್ಟುದರ ಲೆಕ್ಕಕ್ಕೆ ಬಾರದು.

ಹಣಕ್ಕಿಂತಲೂ ನನ್ನನ್ನು ಹೆಚ್ಚು ಕಾಡಿದ್ದು ಹೊದಿಕೆಯ ಮೇಲಿನ ಆ ಖಾಲಿ ಜಾಗ. ನಮ್ಮ ಕನ್ನಡದ ವಚನ, ಕೀರ್ತನೆ, ತತ್ವಪದಗಳಿಗೆಲ್ಲ ಅಂಕಿತವುಂಟು. ಕಟ್ಟಿದವನ ಗುರುತು ಹಾಡಿನ ಮೈಯಲ್ಲಿಯೇ ಹೊಲಿದಿರುವುದರಿಂದ ಶತಮಾನಗಳು ಕಳೆದರೂ ಅದನ್ನು ಕದಿಯುವುದು ಕಷ್ಟ. ಆದರೆ ಹಾಡುವವನಿಗೆ ಅಂಕಿತವಿಲ್ಲ. ಅವನ ಗುರುತು ಉಸಿರಿನೊಂದಿಗೆ ಹೋಗುತ್ತದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೊಫೋನಿಗೆ ಹಾಡಿದ ಗೌಹರ್ ಜಾನ್ ಅವರು ತಟ್ಟೆಯ ಕೊನೆಯಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಸಾರುತ್ತಿದ್ದರು. ದೂರದೇಶದಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಗುರುತು ಸಿಗಲೆಂಬುದು ಅದರ ಉದ್ದೇಶ. ಫಲವಾಗಿ ಅವರ ದನಿ ಇರುವಲ್ಲೆಲ್ಲ ಅವರ ಹೆಸರೂ ಇದೆ. ಆ ಮಹಾಗಾಯಕಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಪ್ರದರ್ಶಕನನ್ನು ಹೆಸರಿನಿಂದ ಗುರುತಿಸಬೇಕೆಂಬ ಹಕ್ಕನ್ನು ನಮ್ಮ ಕಾಯಿದೆ ಒಪ್ಪಿದ್ದು 2012ರ ತಿದ್ದುಪಡಿಯಲ್ಲಿ. ಅವರು ಹೆಸರು ಸಾರಿದ 110 ವರ್ಷಗಳ ಮೇಲೆ.

ಜಾತ್ರೆ ಮುಗಿದ ಮೇಲೆ ಅಟ್ಟ ಹುಡುಕಿದೆ. ಹಳೆಯ ಖಾತೆಪುಸ್ತಕಗಳ ನಡುವೆ ಒಂದೇ ಒಂದು ಕ್ಯಾಸೆಟ್ ಉಳಿದಿತ್ತು. ವಿಚಾರಿಸಿದಾಗ ಆ ವೃದ್ಧರು ತೀರಿಕೊಂಡು ಬಹಳ ವರ್ಷಗಳಾದವೆಂದೂ, ಏಳೆಂಟು ಮೈಲಿ ದೂರದ ಹಳ್ಳಿಯಲ್ಲಿ ಮಗಳಿದ್ದಾರೆಂದೂ ತಿಳಿಯಿತು. ಮಗನೊಂದಿಗೆ ಅಲ್ಲಿಗೆ ಹೋದೆ. ಆಕೆಗೂ ನನ್ನಷ್ಟೇ ವಯಸ್ಸು. ನಡೆದುದನ್ನು ಹೇಳಿದೆ. ಆಕೆ ಮರುಮಾತಾಡದೆ ಕೇಳಿದರು. ಯಂತ್ರದಲ್ಲಿ ಕ್ಯಾಸೆಟ್ ಹಾಕಿದಾಗ ಮೊದಲು ಸರಸರ ಸದ್ದು, ಆಮೇಲೆ ದೂರದಲ್ಲಿ ಗಾಡಿಯೊಂದರ ಗೆಜ್ಜೆ, ಆಮೇಲೆ ಆ ದನಿ. ಎರಡು ಪದ ಮುಗಿಯುವವರೆಗೆ ಆಕೆ ಅಲುಗಲಿಲ್ಲ. ‘ಈ ಪದ ನಮ್ಮಪ್ಪ ಮನೇಲಿ ಹಾಡ್ತಿರಲಿಲ್ಲ’ ಎಂದರು.

ನಾನು ಲೆಕ್ಕದ ಚೀಟಿಯನ್ನು ಮುಂದಿಟ್ಟೆ. ಒಂದಕ್ಕೆ 7 ರೂಪಾಯಿಯಂತೆ 120 ಪ್ರತಿಗೆ ಲಾಭ 840 ರೂಪಾಯಿ. ಶೇಕಡಾ 8ರ ಚಕ್ರಬಡ್ಡಿಯಲ್ಲಿ 38 ವರ್ಷಕ್ಕೆ 15,645 ರೂಪಾಯಿ. ಆಕೆ ಬೇಡವೆನ್ನಬಹುದೆಂದೂ, ಆಗ ನಾನು ಒತ್ತಾಯಿಸಬೇಕಾದೀತೆಂದೂ ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ. ಆಕೆ ಬೇಡವೆನ್ನಲಿಲ್ಲ. ಹಣವನ್ನು ಎಣಿಸಿಕೊಂಡರು. ‘ಅಪ್ಪನ ಕೈಯಿಂದ ತಗೊಂಡ 18?’ ಎಂದು ಕೇಳಿದರು. ಅದರಲ್ಲಿ 11 ರೂಪಾಯಿ ಖಾಲಿ ಕ್ಯಾಸೆಟ್ಟಿನದೆಂದು ನಾನು ಕಳೆದಿದ್ದೆ. ತಮ್ಮ ದನಿಯನ್ನೇ ಕೊಂಡವರ ಹಣದಲ್ಲಿ ಕ್ಯಾಸೆಟ್ಟಿನ ಬೆಲೆ ಕಳೆದುಕೊಳ್ಳುವುದು ನ್ಯಾಯವಲ್ಲವೆಂದು ಆಕೆ ಹೇಳಬೇಕಾಯಿತು, ಬಿ.ಕಾಂ. ಓದಿದ ನನಗೆ ಅದು ಹೊಳೆದಿರಲಿಲ್ಲ. ಅದನ್ನೂ ಅದೇ ಬಡ್ಡಿಯೊಂದಿಗೆ ಕೊಟ್ಟು ಕೈಮುಗಿದೆ. ಆಗ ಆಕೆಯ ಮುಖ ಸಡಿಲವಾಯಿತು. ‘ಇನ್ನೊಂದು ಸಲ ಹಾಕಿ ಶೆಟ್ರೇ’ ಎಂದರು.

ಕ್ಯಾಸೆಟ್ಟನ್ನು ಮಗ ಆಕೆಯ ಮೊಬೈಲಿಗೆ ಇಳಿಸಿಕೊಟ್ಟ. ಅದಕ್ಕೆ ಮುಂಚೆ ಆಕೆಯದೊಂದು ಕೋರಿಕೆಯಿತ್ತು: ಮೊದಲಲ್ಲಿ ಅಪ್ಪನ ಹೆಸರು ಬರಬೇಕು. ಆಕೆಯೇ ತಮ್ಮ ದನಿಯಲ್ಲಿ ತಂದೆಯ ಹೆಸರನ್ನೂ ಊರನ್ನೂ ಹೇಳಿದರು. ಈಗ ಆ ಮುದ್ರಿಕೆ ಆ ಹೆಸರಿನಿಂದಲೇ ಆರಂಭವಾಗುತ್ತದೆ. ಆ ಹೆಸರನ್ನು ಇಲ್ಲಿ ಬರೆಯಲು ನಾನು ಆಕೆಯನ್ನು ಕೇಳಿರಲಿಲ್ಲ. ಆದುದರಿಂದ ಬರೆದಿಲ್ಲ.

ಮ್ಯಾಪಲ್‌ಸನ್‌ನ ಸಿಲಿಂಡರುಗಳಂತೆ ನನ್ನ ಕಳವಿನಿಂದಲೂ ಒಂದು ದನಿ ಉಳಿಯಿತಲ್ಲವೆ ಎಂದು ಮಗ ಹಿಂದಿರುಗುವ ದಾರಿಯಲ್ಲಿ ಸಮಾಧಾನ ಹೇಳಿದ. ಉಳಿಯಿತು, ಅದು ನಿಜ. ಆದರೆ ಲೆಕ್ಕಪತ್ರದಲ್ಲಿ ಒಂದು ಖಾತೆಯ ಜಮೆಯಿಂದ ಇನ್ನೊಂದು ಖಾತೆಯ ಬಾಕಿ ತಾನಾಗಿಯೇ ತೀರುವುದಿಲ್ಲ. ಫಲ ಒಳ್ಳೆಯದಾಯಿತೆಂಬುದು ಭಾಗ್ಯ. ಆ ಸಂಜೆಯ ಮನಸ್ಸು ಎಂತಹುದಾಗಿತ್ತೆಂಬುದು ಬೇರೆಯೇ ಪ್ರಶ್ನೆ, ಮತ್ತು ಕರ್ಮಬಂಧವಾಗುವುದು ಅದರಿಂದ.

ಮಗನ ಮುದ್ರಿಕೆಯ ವಿಷಯದಲ್ಲಿ ನಾನು ಮೊದಲು ನುಡಿದ ಕಠಿಣ ಮಾತನ್ನು ಹಿಂತೆಗೆದುಕೊಂಡೆ. ಅವನು ಅದನ್ನು ಅಳಿಸಿಲ್ಲ, ಅಳಿಸೆಂದು ನಾನೂ ಹೇಳಲಿಲ್ಲ. ಮಾರಲು ಅದು ಹಿಡಿದದ್ದಲ್ಲ, ಯಾರಿಗೂ ಹಂಚುವುದಿಲ್ಲವೆಂದು ಅವನೇ ಹೇಳಿದ್ದಾನೆ. ಅದರಲ್ಲಿ ಅವನ ಯೌವನದ ದನಿಯೊಂದು ಇದೆ. ಅದನ್ನು ಕೇಳಲು ನಾನೂ ಒಮ್ಮೊಮ್ಮೆ ಬೇಡುತ್ತೇನೆ.

ಕೊನೆಗೆ ಬಸದಿಗಳ ಆಡಳಿತ ಮಂಡಳಿಗಳಿಗೂ ಶ್ರಾವಕ ಕುಟುಂಬಗಳಿಗೂ ಒಂದು ಮಾತು. ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಧ್ವನಿಮುದ್ರಣದ ಯಂತ್ರವಿದೆ. ಪಂಚಕಲ್ಯಾಣದಲ್ಲಿ ಹಾಡಿದ ಹೆಣ್ಣುಮಕ್ಕಳ ದನಿ, ಪೂಜೆಯಲ್ಲಿ ಸ್ತೋತ್ರ ಹೇಳಿದ ಪುರೋಹಿತರ ದನಿ, ಹೊರಗಿನಿಂದ ಕರೆಸಿದ ವಾದ್ಯದವರ ದನಿ, ಎಲ್ಲವನ್ನೂ ನಾವು ಹಿಡಿಯುತ್ತೇವೆ, ವಾಟ್ಸಾಪ್‌ನಲ್ಲಿ ಹರಿಯಬಿಡುತ್ತೇವೆ, ಕೆಲವೊಮ್ಮೆ ಪೆನ್‌ಡ್ರೈವ್‌ನಲ್ಲಿ ತುಂಬಿ ಬಸದಿಯ ನೆರವಿಗೆಂದು ಮಾರುತ್ತೇವೆ. ಉದ್ದೇಶ ಧರ್ಮದ್ದೆಂಬುದರಿಂದ ಅದತ್ತವು ದತ್ತವಾಗುವುದಿಲ್ಲ. ಹಿಡಿಯುವ ಮುನ್ನ ಒಂದು ಮಾತು ಕೇಳೋಣ. ಹಂಚುವಾಗ ಹಾಡಿದವರ ಹೆಸರನ್ನು ದಾನಿಗಳ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯೋಣ. ಹಣ ಬಂದರೆ ಅವರ ಪಾಲನ್ನು ಅವರು ಕೇಳುವ ಮುಂಚೆಯೇ ಎತ್ತಿಡೋಣ.

ನನ್ನ ಹಾಗೆ ಮೂವತ್ತೆಂಟು ವರ್ಷ ಕಾದು ಚಕ್ರಬಡ್ಡಿ ಹಾಕುವ ಪ್ರಸಂಗ ಇನ್ನಾವ ಶ್ರಾವಕನಿಗೂ ಬಾರದಿರಲಿ. 1987ರ ಆ ಖಾತೆಪುಸ್ತಕದಲ್ಲಿ 18 ರೂಪಾಯಿಯ ಜಮೆಯೆದುರು ‘ಪರದ್ರವ್ಯ, ಹಿಂತಿರುಗಿಸಲಾಗಿದೆ’ ಎಂದು ಬರೆದು ಸಹಿ ಮಾಡಿದ್ದೇನೆ. ಮಸಿಯ ಬಣ್ಣ ಬೇರೆಯಾಗಿರುವುದರಿಂದ ಮುಂದೆ ಯಾರು ಆ ಪುಟ ತೆರೆದರೂ, ಅದು ಎಷ್ಟು ತಡವಾಗಿ ಬರೆದದ್ದೆಂದು ಅವರಿಗೆ ತಿಳಿಯುತ್ತದೆ.